ಎರಡು ತೂತಿನ ಡಬ್ಬಿ

ಹನ್ನೆರಡು ಬೇಡ, ಎರಡು ಸಾಕು ಎಂದು ನಾನು ಅಂಗಡಿಯಲ್ಲಿ ಹೇಳಿದ್ದು ಯಾರಿಗೂ ಕೇಳಲಿಲ್ಲ. ಯಾಕೆಂದರೆ ಅದೇ ಹೊತ್ತಿಗೆ ನಮ್ಮ ಯಜಮಾನರು ಬಾಯಿ ತೆರೆದಿದ್ದರು. ಅವರು ಬಾಯಿ ತೆರೆದರೆ ನನ್ನ ಮಾತಿನ ಕಥೆ ಮುಗಿಯಿತು. ನಮ್ಮೂರಿನಲ್ಲಿ ದೊಡ್ಡ ಸದ್ದು ಸಣ್ಣ ಸದ್ದನ್ನು ನುಂಗುತ್ತದೆ. ಮಸುಕು ಮಾಡುವುದಲ್ಲ, ಪೂರ್ತಿ ನುಂಗುತ್ತದೆ. ಇಬ್ಬರು ಒಟ್ಟಿಗೆ ಮಾತಾಡಿದರೆ ಜೋರಾಗಿ ಆಡಿದವರದ್ದು ಮಾತ್ರ ಕೇಳುತ್ತದೆ, ಇನ್ನೊಬ್ಬರ ತುಟಿ ಅಲ್ಲಾಡುವುದು ಕಾಣುತ್ತದೆ ಅಷ್ಟೆ. ಕುಕ್ಕರ್ ಕೂಗಿದರೆ ಅತ್ತೆ ಸೊಸೆಯರ ಜಗಳಕ್ಕೆ ವಿರಾಮ. ತರಕಾರಿಯವಳು ರೇಟು ಹೇಳುವಾಗ ಬಸ್ಸು ಹಾರನ್ ಹೊಡೆದರೆ ಇನ್ನೊಮ್ಮೆ ಕೇಳಬೇಕು, ಇನ್ನೊಮ್ಮೆ ಕೇಳಿದರೆ ಅವಳು ಹೆಚ್ಚು ಹೇಳುತ್ತಾಳೆ. ಶಾಲೆಯ ಪ್ರಾರ್ಥನೆಯಲ್ಲಿ ಅಷ್ಟೂ ಮಕ್ಕಳು ಬಾಯಿ ಆಡಿಸುತ್ತವೆ, ಬೀದಿಗೆ ಬರುವುದು ಮಾತ್ರ ಡ್ರಿಲ್ ಮಾಸ್ತರರ ಒಡಕಲು ಧ್ವನಿ. ಭಜನೆ ಮಂಡಳಿಯ ಕಥೆಯೂ ಅದೇ. ಊರಿಗೆ ಇದೇನೂ ವಿಚಿತ್ರವಲ್ಲ. ಧ್ವನಿ ದೊಡ್ಡದಿದ್ದವರಿಗಂತೂ ಹೀಗೊಂದು ತೊಂದರೆ ಇದೆ ಎಂಬುದೇ ಗೊತ್ತಿಲ್ಲ.

ನನ್ನ ಧ್ವನಿ ಸಣ್ಣದು. ಹೆಣ್ಣು ನೋಡಲು ಬಂದ ದಿನ ಮಾವನವರು ಒಂದು ಹಾಡು ಹೇಳಮ್ಮ ಅಂದರು. ನಾನು ಶುರು ಮಾಡಿದೆ. ಮಾಡಿನ ಮೇಲೆ ಕಾಗೆಯೊಂದು ಕೂಗಲು ಹತ್ತಿತು, ನನ್ನ ಹಾಡು ಹೋಯಿತು. ಕಾಗೆ ಹಾರುವ ತನಕ ಬಾಯಿ ಆಡಿಸಿ ಮುಗಿಸಿದೆ. ‘ಧ್ವನಿ ಸಣ್ಣದು, ಹುಡುಗಿ ಗುಣವಂತೆ’ ಎಂದು ಒಪ್ಪಿಕೊಂಡುಬಿಟ್ಟರು! ಒಪ್ಪಿಕೊಂಡವರ ಮನೆ ಯಾವುದು? ಹಿಟ್ಟಿನ ಗಿರಣಿಯವರದು. ಹುಟ್ಟಿದಾಗಿನಿಂದ ಗಿರಣಿಯ ಬೆಲ್ಟಿನ ಸದ್ದನ್ನು ಮೀರಿಸಿ ಮಾತಾಡಿ ಮಾತಾಡಿ ಆ ಮನೆಯವರಿಗೆಲ್ಲ ಗಂಟಲೇ ಒಂದು ಗಿರಣಿಯಾಗಿತ್ತು. ಯಜಮಾನರು ಪಕ್ಕದಲ್ಲಿ ಕೂತು ‘ನೀರು ಕೊಡು’ ಎಂದರೆ ಎದುರು ಮನೆಯವರು ಚೊಂಬು ಹಿಡಿದು ಬರುತ್ತಾರೆ. ನಾನು ಆ ಮನೆ ಸೇರಿದ ಮೇಲೆ ‘ಚನ್ನಾಜಮ್ಮ ಎಷ್ಟು ತಾಳ್ಮೆಯವಳು, ಒಂದು ಎದುರು ಮಾತಿಲ್ಲ’ ಎಂಬ ಹೆಸರು ಬಂತು. ಎದುರು ಮಾತು ಆಡದ ದಿನವಿಲ್ಲ ನಾನು. ಕೇಳಿಸಿದ್ದರೆ ತಾನೆ!

ಎಲ್ಲರಿಗಿಂತ ದೊಡ್ಡ ಧ್ವನಿ ನನ್ನ ಓರಗಿತ್ತಿ ಶಿವನಂಜಮ್ಮನದು. ಭಾವನವರು ತೀರಿಕೊಂಡ ಮೇಲೆ ಗಿರಣಿಯ ಮುಂದೆ ನಿಂತು ‘ಯಾರದು ರಾಗಿ, ಯಾರದು ಗೋಧಿ’ ಎಂದು ಕೂಗಿದವಳು ಅವಳೇ. ನಾನು ಅಕ್ಕ ಅನ್ನುತ್ತೇನೆ. ಅವಳ ಮೇಲೆ ನನಗೆ ಎಷ್ಟು ಸಿಟ್ಟು ಬಂದಿದೆಯೋ ಅಷ್ಟು ಸಿಟ್ಟು ಗಂಡನ ಮೇಲೂ ಬಂದಿಲ್ಲ. ಆದರೂ ಬೆಳಿಗ್ಗೆ ಎದ್ದರೆ ಮೊದಲು ಅವಳ ಲೋಟಕ್ಕೇ ಕಾಫಿ ಬಗ್ಗಿಸುವುದು. ಅದು ಹಾಗೆಯೇ.

ನಮ್ಮೂರಿನಲ್ಲಿ ಮಗುವಿಗೆ ಹೆಸರಿಡುವಾಗ ತೊಟ್ಟಿಲ ಮುಂದೆ ಜೋಡಿ ಹಾಡು ಹೇಳುತ್ತಾರೆ. ಒಂದು ಮನೆಯ ಇಬ್ಬರು ಸೊಸೆಯರು ಹೇಳಬೇಕು. ಒಬ್ಬಳಿಗೆ ಮೇಲಿನ ಎಳೆ, ಒಬ್ಬಳಿಗೆ ಕೆಳಗಿನ ಎಳೆ. ಮಟ್ಟು ಬೇರೆ, ಮಾತು ಬೇರೆ. ಮೇಲಿನದು ‘ಯಾರು ಬಂದರು ಕಂದಗೆ, ಸೋದರಮಾವ ಬಂದನೇನೇ’ ಎಂದು ಏರುತ್ತದೆ, ಅದೇ ಹೊತ್ತಿಗೆ ಕೆಳಗಿನದು ‘ನಿದ್ದೆಯೇ ಬಾರೇ, ಮೂಲೆಮನೆಗೆ ದಾರಿ ಕೇಳಿ ಬಾರೇ’ ಎಂದು ಇಳಿಯುತ್ತದೆ. ಎರಡೂ ಸೇರಿದರೆ ಎಂಥಾ ಅಳುವ ಮಗುವೂ ಸುಮ್ಮನಾಗುತ್ತದಂತೆ. ಅಂತೆ ಅಷ್ಟೆ, ಕೇಳಿದವರು ಯಾರು? ಅತ್ತೆಗೆ ಅವರತ್ತೆ ಹೇಳಿದ್ದು, ಅವರತ್ತೆಗೆ ಇನ್ಯಾರೋ. ಜನಕ್ಕೆ ಕೇಳುವುದು ಮೇಲಿನ ಎಳೆಯೊಂದೇ. ಕೆಳಗಿನವಳ ಧ್ವನಿಯನ್ನು ಮೇಲಿನದು ನುಂಗುತ್ತದೆ, ಅವಳಿಗೇ ಅವಳದು ಕೇಳುವುದಿಲ್ಲ. ಅದಕ್ಕೇ ಇಬ್ಬರೂ ಒಬ್ಬರ ಮಣಿಕಟ್ಟನ್ನು ಒಬ್ಬರು ಹಿಡಿದುಕೊಂಡು ಹೆಬ್ಬೆರಳಿನಿಂದ ತಾಳ ಒತ್ತುತ್ತಾ ಹಾಡುವುದು. ಮೇಲಿನದನ್ನು ಅತ್ತೆ ಅಕ್ಕನಿಗೆ ಕೊಟ್ಟರು, ಕೆಳಗಿನದನ್ನು ನನಗೆ ಬಚ್ಚಲ ಹಿಂದೆ ಕೂರಿಸಿ ಗುಟ್ಟಾಗಿ ಕಲಿಸಿದರು. ಕೆಳಗಿನ ಎಳೆಯನ್ನು ಒಂಟಿಯಾಗಿ ಯಾರೆದುರೂ ಹಾಡಬಾರದು, ತೊಟ್ಟಿಲಿಗೆ ಆಗದು ಎಂದೂ ಹೇಳಿದರು. ಹೀಗಾಗಿ ಕೇರಿಯ ಅಷ್ಟೂ ತೊಟ್ಟಿಲ ಮುಂದೆ ನಾನು ಹಾಡಿದ್ದೇನೆ, ಕೇರಿಯಲ್ಲಿ ಒಬ್ಬರೂ ನನ್ನ ಹಾಡು ಕೇಳಿಲ್ಲ. ಆರತಿ ತಟ್ಟೆಯ ಮೊದಲ ತಾಂಬೂಲ ಮಾತ್ರ ಅಕ್ಕನಿಗೆ.

ಈ ಬೇಸಿಗೆಯಲ್ಲಿ ಅಕ್ಕನ ಗಂಟಲಲ್ಲಿ ಗಂಟು ಕಾಣಿಸಿತು. ದೊಡ್ಡಾಸ್ಪತ್ರೆಯ ಡಾಕ್ಟರು ನಿಧಾನಸ್ಥರು, ಹೊರಗೆ ಆಂಬುಲೆನ್ಸ್ ಕೂಗಿ ಮುಗಿಯುವ ತನಕ ಕಾದು ಹೇಳಿದರು. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು, ತೆಗೆದರೆ ಜೀವಕ್ಕೆ ಭಯವಿಲ್ಲ, ಮಾತು ಮಾತ್ರ ಹೋಗುತ್ತದೆ. ಮುಂದಿನ ತಿಂಗಳ ಮೊದಲ ಸೋಮವಾರ ಬಂದು ಸೇರಿಕೊಳ್ಳಿ, ಅವತ್ತೇ ಆಪರೇಷನ್. ಅಕ್ಕ ಮನೆಗೆ ಬಂದು ಕಾಲು ತೊಳೆದು ಜಗಲಿಯ ಮೇಲೆ ಕೂತ ಮೇಲೆ ಕರೆದಳು.

‘ಚನ್ನಾಜಿ, ನಂಗಿನ್ನೇನೂ ಬೇಡ ಕಣೇ. ಬಾಯಿ ಹೋಗೋದ್ರೊಳಗೆ ಆ ಹಾಡು ಎರಡೂ ಎಳೆ ಒಟ್ಗೆ ಹೆಂಗಿರುತ್ತೆ ಅಂತ ಒಂದ್ಸಲ ಕೇಳ್ಸಿಬಿಡು.’

‘ನಾನೆಲ್ಲಿಂದ ಕೇಳ್ಸಲಿ? ನಿನ್ನ ಗಂಟಲು ನನ್ನನ್ನ ಯಾವತ್ತು ಬಿಟ್ಟಿದೆ?’ ಎಂದೆ. ಅಷ್ಟರಲ್ಲಿ ಯಜಮಾನರು ಒಳಗಿಂದ ‘ಊಟಕ್ಕೇನು?’ ಎಂದರು, ನನ್ನ ಮಾತು ಹೋಯಿತು. ಒಳ್ಳೆಯದೇ ಆಯಿತು ಬಿಡಿ.

ಅವತ್ತಿನಿಂದ ನನಗೆ ಅದೊಂದೇ ಹುಚ್ಚು. ಬೇರೆ ಊರಿಗೆ ಹೋಗಿ ಹಾಡಬಾರದಿತ್ತೇ ಎಂದು ಕೇಳಬೇಡಿ. ಮದುವೆ ಮುಂಜಿಗೆಂದು ಹೋದಲ್ಲೆಲ್ಲ ನೋಡಿದ್ದೇವೆ, ಊರು ನಮ್ಮ ಬೆನ್ನು ಬಿಡುವುದಿಲ್ಲ, ಅಲ್ಲೂ ಅವಳ ಸದ್ದು ನನ್ನದನ್ನು ನುಂಗಿದೆ. ಆದರೆ ಒಂದೇ ಬಾಯಿಂದ ಬಂದದ್ದು ಒಂದೇ ಸದ್ದು, ಅದು ಊರಿಗೆಲ್ಲ ಗೊತ್ತು. ರೇಡಿಯೋದಲ್ಲಿ ಹಾಡುವವಳೂ ಪಿಟೀಲೂ ತಬಲವೂ ಒಟ್ಟಿಗೆ ಕೇಳುವುದಿಲ್ಲವೇ? ಅದಕ್ಕೇ ನಮ್ಮೂರಿನಲ್ಲಿ ಯಾರೂ ಎರಡು ಸ್ಪೀಕರ್ ಇಡುವುದಿಲ್ಲ, ಒಂದನ್ನು ಇನ್ನೊಂದು ನುಂಗುತ್ತದೆ. ಅಂದರೆ ನಮ್ಮಿಬ್ಬರ ಧ್ವನಿಯನ್ನು ಬೇರೆಬೇರೆಯಾಗಿ ಹಿಡಿದು ಆಮೇಲೆ ಒಂದೇ ಸ್ಪೀಕರಿನ ಬಾಯಿಗೆ ಹಾಕಬೇಕು. ಮಗಳು ಮದುವೆಯಾಗಿ ಹೋಗುವಾಗ ಬಿಟ್ಟುಹೋದ ಲ್ಯಾಪ್‌ಟಾಪು ಮನೆಯಲ್ಲಿತ್ತು. ಫೋನಿನಲ್ಲಿ ವೀಡಿಯೊ ನೋಡಿ ನೋಡಿ ನನಗೆ ಕಣ್ಣು ಉರಿ ಬಂತು.

ಮೊದಲು ಅಕ್ಕನ ಎಳೆಯನ್ನು ಹಿಡಿದು, ಅದನ್ನು ಹೆಡ್‌ಫೋನಿನಲ್ಲಿ ಕೇಳುತ್ತಾ ನಾನು ಹಾಡಿ ನೋಡಿದೆ. ಎಲ್ಲ ವೀಡಿಯೊಗಳಲ್ಲೂ ಹಾಗೇ ಮಾಡಿ ಎನ್ನುತ್ತಾರೆ. ಅವರೇನು ನಮ್ಮೂರಿನವರೇ? ಕಿವಿಯಲ್ಲಿ ಅಕ್ಕನನ್ನು ಜೋರು ಮಾಡಿದರೆ ನನ್ನ ಧ್ವನಿ ಗಂಟಲಲ್ಲೇ ಹೋಗಿ ಮೈಕಿಗೂ ಅಕ್ಕನೇ ಬೀಳುತ್ತಾಳೆ. ಸಣ್ಣ ಮಾಡಿದರೆ ನನ್ನದು ಅವಳನ್ನು ನುಂಗಿ ತಾಳ ತಪ್ಪುತ್ತದೆ. ಬೇರೆ ದಾರಿಯೇ ಇಲ್ಲ: ಇಬ್ಬರೂ ಒಂದೇ ಹೊತ್ತಿಗೆ, ಕೈ ಕೈ ಹಿಡಿದುಕೊಂಡು, ನಡುವೆ ಒಂದು ಗೋಡೆ ಇಟ್ಟುಕೊಂಡು ಹಾಡಬೇಕು. ನಮ್ಮ ಅಡುಗೆಮನೆಗೂ ನಡುಮನೆಗೂ ನಡುವೆ ತಟ್ಟೆ ದಾಟಿಸುವ ಕಿಂಡಿ ಇದೆ. ಕಿಂಡಿಯಲ್ಲಿ ಕೈ ತೂರಿಸಿ, ಸುತ್ತ ಕೌದಿ ತುರುಕಿದರೆ ಈಚೆಯ ಸದ್ದು ಆಚೆಗೆ ಹೋಗದು. ಎರಡು ಮೈಕು ಬೇಕು. ಎರಡೂ ಒಂದಕ್ಕೊಂದು ಬೆರೆಯದೆ ಲ್ಯಾಪ್‌ಟಾಪಿಗೆ ಹೋಗುವ ಒಂದು ಡಬ್ಬಿ ಬೇಕು. ಅಷ್ಟೇ. ಅದಕ್ಕೆ ಆಡಿಯೊ ಇಂಟರ್‌ಫೇಸ್ ಅನ್ನುತ್ತಾರೆ. ಎರಡು ತೂತಿನದು, ಊಟದ ಡಬ್ಬಿಯಷ್ಟು ದೊಡ್ಡದಿರುತ್ತದೆ.

ಪೇಟೆಬೀದಿಯ ಪದ್ಮಾ ಸೌಂಡ್ಸಿನ ಜಯಪಾಲನಿಗೆ ಇಷ್ಟನ್ನು ಹೇಳುವುದು ನನ್ನ ಆಲೋಚನೆ. ಆದರೆ ಜೊತೆಗೆ ಯಜಮಾನರು ಬಂದರಲ್ಲ! ಗುಂಡಿಗಳಿರುವ ಯಂತ್ರ ಕಂಡರೆ ಈ ಗಂಡಸರಿಗೆ ಏನಾಗುತ್ತದೋ ನಾ ಕಾಣೆ. ಅಂಗಡಿಯ ನಡುವೆ ಒಂದು ಮಂಚದಷ್ಟು ದೊಡ್ಡ ಮಿಕ್ಸರ್ ಇತ್ತು. ಹನ್ನೆರಡು ಚಾನೆಲ್ಲು, ಸಾಲಿಗೆ ಸಾಲು ಗುಂಡಿ, ಕೆಂಪು ಹಸಿರು ದೀಪ. ಇವರು ಒಂದು ಗುಂಡಿ ತಿರುಗಿಸಿ, ‘ಹಾ!’ ಅಂದರು. ಇನ್ನೊಂದು ತಿರುಗಿಸಿ, ‘ಓಹೋ!’ ಅಂದರು.

‘ಇದ್ರಲ್ಲಿ ಎಕೋ ಇದೆ ಯಜಮಾನ್ರೇ,’ ಎಂದ ಜಯಪಾಲ.

‘ಎರಡು ತೂತಿನ ಇಂಟರ್‌ಫೇಸ್ ಇದೆಯೇನಪ್ಪಾ?’ ಎಂದು ನಾನು ಸಂದು ನೋಡಿ ಕೇಳಿದೆ.

‘ಅಮ್ಮಾ, ಅದು ಒಂಟಿ ಜನಕ್ಕೆ. ರೂಮಲ್ಲಿ ಕೂತು ಗಿಟಾರ್ ಗೀಚೋ ಹುಡುಗ್ರಿಗೆ. ನಿಮ್ದು ಸಂಸಾರಸ್ಥರ ಮನೆ, ಮಿಕ್ಸರ್ ತಗೊಂಡೋಗಿ. ನಾಳೆ ಗಣಪತಿ ಕೂರ್ಸಿದ್ರೂ ಉಪಯೋಗಕ್ಕೆ ಬರುತ್ತೆ.’

‘ನಾನು ಗಣಪತಿ ಕೂರ್ಸಲ್ಲ. ಇದ್ರಲ್ಲಿ ಒಳಗೆ ಹೋದದ್ದೆಲ್ಲ ಲ್ಯಾಪ್‌ಟಾಪಿಗೆ ಬೇರೆ ಬೇರೆಯಾಗೇ ಹೋಗುತ್ತಾ, ಇಲ್ಲಾ ಬೆರೆತು ಒಂದಾಗಿ ಹೋಗುತ್ತಾ? ಅದನ್ನ ಹೇಳು.’

ಈ ಪ್ರಶ್ನೆಯ ನಡುವೆ ಅಂಗಡಿಯ ಮುಂದೆ ಒಂದು ಟ್ರ್ಯಾಕ್ಟರ್ ಹೋಯಿತು. ಜಯಪಾಲನಿಗೆ ನನ್ನ ತುಟಿ ಮಾತ್ರ ಕಂಡಿರಬೇಕು. ಅವನು ‘ಹೂಂ ಹೂಂ’ ಎಂದು ತಲೆಯಾಡಿಸಿದ. ನಮ್ಮೂರಿನ ದೊಡ್ಡ ರೋಗ ಇದು. ಕೇಳದ ಮಾತಿಗೆ ‘ಏನಂದ್ರಿ?’ ಅನ್ನುವುದು ಮರ್ಯಾದೆಯಲ್ಲ, ‘ಹೂಂ’ ಅನ್ನಬೇಕು. ಹೀಗೆ ಹೂಂ ಅಂದು ಜಮೀನು ಬರೆದುಕೊಟ್ಟವರಿದ್ದಾರೆ, ಹೂಂ ಅಂದು ಮದುವೆಯಾದವರಿದ್ದಾರೆ. ಅಷ್ಟೂ ತಿಳಿದ ನಾನು ಅವನ ಹೂಂ ಅನ್ನು ನಂಬಿದೆನಲ್ಲ, ನನಗೆ ಬುದ್ಧಿ ಎಲ್ಲಿ ಮೇಯಲು ಹೋಗಿತ್ತೋ. ‘ಕೇಳ್ದೆಯಲ್ಲ, ಹೂಂ ಅಂತಾನೆ,’ ಎಂದು ಇವರು ಎರಡು ಮೈಕು, ಒಂದು ಸ್ಪೀಕರಿನ ಜೊತೆಗೆ ಮಿಕ್ಸರನ್ನೂ ಆಟೋಗೆ ಹೊರಿಸಿಯೇಬಿಟ್ಟರು. ಹನ್ನೆರಡು ಬೇಡ, ಎರಡು ಸಾಕು ಎಂದು ನಾನು ಅಂದದ್ದು ಆಗಲೇ.

ಭಾನುವಾರ ಊಟವಾಗಿ ಊರು ಮಲಗುವ ಹೊತ್ತಿಗೆ ಗಿರಣಿ ನಿಲ್ಲಿಸಿ ಹಾಡಲು ಕೂತೆವು. ಅಕ್ಕ ನಡುಮನೆಯಲ್ಲಿ, ನಾನು ಅಡುಗೆಮನೆಯಲ್ಲಿ, ಕಿಂಡಿಯಲ್ಲಿ ಕೈಗಳು, ಸುತ್ತ ಕೌದಿ. ಇವರು ಅಕ್ಕನ ಪಕ್ಕದಲ್ಲಿ ಮಿಕ್ಸರಿನ ಮುಂದೆ ವಿಮಾನ ಬಿಡುವವರ ಹಾಗೆ ಆಸೀನರಾದರು. ಅಕ್ಕನ ಹೆಬ್ಬೆರಳು ಒತ್ತಿತು, ಶುರು ಮಾಡಿದೆ. ಮಾಡಿದವಳೇ ಬೆಚ್ಚಿಬಿದ್ದೆ. ಅಕ್ಕನ ಕೈ ಹಿಡಿದು ಹಾಡುವಾಗ ನನ್ನ ಧ್ವನಿ ನನಗೇ ಕೇಳಿದ್ದು ಅದೇ ಮೊದಲು. ಇದು ಯಾರದಪ್ಪಾ ಅನ್ನಿಸಿತು. ಹೇಗೋ ಮಣಿಕಟ್ಟಿನ ಮೇಲೆ ಲಕ್ಷ್ಯ ಇಟ್ಟು ಮುಗಿಸಿದೆ. ಗೋಡೆಯಾಚೆ ಅಕ್ಕ ಕೆಮ್ಮಿದ್ದು ಅವಳ ಕೈ ನಡುಗಿದ್ದರಿಂದ ಗೊತ್ತಾಯಿತು.

ಸ್ಪೀಕರಿಗೆ ಹಾಕಿ ಕೇಳಿದೆವು. ಅಕ್ಕನ ಧ್ವನಿ ಬೆಟ್ಟದಂತೆ ಬಂತು, ಅದರ ಹಿಂದೆ ಅವಳದೇ ಎಕೋ ಇನ್ನೆರಡು ಬೆಟ್ಟ. ನನ್ನದು? ಕಿವಿಯನ್ನು ಸ್ಪೀಕರಿಗೆ ಹಚ್ಚಿದರೆ ಕೊಡದಡಿಯ ಇರುವೆಯಷ್ಟು ಏನೋ ಇತ್ತು. ಹಾಡುವಾಗ ಪಕ್ಕದಲ್ಲಿ ಅಕ್ಕನ ಧ್ವನಿ ಕೇಳಿ ಇವರಿಗೆ ಹುರುಪು ಬಂದು ಅವಳ ಗುಂಡಿಯನ್ನು ತಿರುಗಿಸಿದ್ದೇ ತಿರುಗಿಸಿದ್ದು.

‘ಈಗ ಅಕ್ಕಂದು ತಗ್ಗಿಸಿ, ನಂದು ಏರಿಸಿ,’ ಎಂದೆ.

ಇವರು ಲ್ಯಾಪ್‌ಟಾಪಿನಲ್ಲಿ ಹುಡುಕಿದರು, ಮಿಕ್ಸರಿನಲ್ಲಿ ಹುಡುಕಿದರು, ಕೊನೆಗೆ ತಲೆ ಕೆರೆದುಕೊಂಡರು. ‘ಆಗಲ್ಲ ಕಣೇ. ಎರಡೂ ಒಂದಾಗ್ಹೋಗಿದೆ. ಇದ್ರಿಂದ ಬರೋದೇ ಬೆರೆತು ಬರುತ್ತಂತೆ.’

ಹುಳಿಗೆ ಬಿದ್ದ ಉಪ್ಪನ್ನು ಯಾರು ತೆಗೆಯುತ್ತಾರೆ? ನನಗೆ ಮೈಯೆಲ್ಲ ಉರಿದುಹೋಯಿತು. ಇಷ್ಟು ವರ್ಷ ಊರು ನನ್ನನ್ನು ಪುಕ್ಕಟೆ ನುಂಗುತ್ತಿತ್ತು, ಈಗ ದುಡ್ಡು ಕೊಟ್ಟು ನುಂಗಿಸಿಕೊಂಡ ಹಾಗಾಯಿತು ಎಂದು ಕೂಗಾಡಿದೆ. ಇವರು ಅದೇ ಹೊತ್ತಿಗೆ ‘ನಂದೇನೂ ತಪ್ಪಿಲ್ಲ, ಅವ್ನು ಹೂಂ ಅಂದ’ ಎಂದು ಕೂಗಿದರು, ಕೇಳಿದ್ದು ಅವರದ್ದೇ. ಅಕ್ಕ ಮಾತ್ರ ಸೆರಗಿನಲ್ಲಿ ಬಾಯಿ ಒರೆಸಿಕೊಳ್ಳುತ್ತಾ ಕೂತಿದ್ದಳು. ಸೆರಗಿನಲ್ಲಿ ಚೂರು ರಕ್ತವಿತ್ತು. ಆ ಒಂದು ಹಾಡಿಗೇ ಅವಳ ಗಂಟಲು ಹರಿದುಹೋಗಿತ್ತು.

‘ಹೋಗ್ಲಿ ಬಿಡೇ,’ ಎಂದಳು, ಅವಳ ಧ್ವನಿ ಅವತ್ತು ನನ್ನಷ್ಟೇ ಸಣ್ಣಗಿತ್ತು. ‘ನಮ್ಮ ಹಣೇಲಿ ಇಲ್ಲ.’

‘ಹಣೇಲಿ ಇಲ್ವಂತೆ! ಹಣೆಗೇನು ಬಂತು? ಅಂಗಡಿಯಲ್ಲಿದೆ ಅದು, ಗಾಜಿನ ಕಪಾಟಲ್ಲಿ ಕೂತಿದೆ, ನಾನೇ ಕಣ್ಣಾರೆ ನೋಡಿದೀನಿ!’ ಎಂದೆ. ಅವಳು ಎದ್ದು ಹೋಗಿ ಮಲಗಿದಳು. ಆಮೇಲೆ ನಾಲ್ಕಾರು ದಿನ ಗಂಜಿಯ ಹೊರತು ಏನೂ ಇಳಿಯಲಿಲ್ಲ. ಆಸ್ಪತ್ರೆಗೆ ಸೇರುವ ಸೋಮವಾರ ಹತ್ತಿರ ಬರುತ್ತಿತ್ತು. ಇನ್ನೊಂದು ಸಲ ಹಾಡಲು ಅವಳಿಂದ ಆಗುತ್ತದೋ ಇಲ್ಲವೋ. ಆದರೆ ಅದೊಂದೇ ಸಲ, ಮೂರನೆಯದಿಲ್ಲ ಎನ್ನುವುದು ನನಗೆ ಖಂಡಿತವಾಗಿತ್ತು.

ಶುಕ್ರವಾರ ಬೆಳಿಗ್ಗೆ ಯಾರಿಗೂ ಹೇಳದೆ ಮಿಕ್ಸರನ್ನು ಆಟೋದಲ್ಲಿ ಹಾಕಿಕೊಂಡು, ಮಡಿಲಲ್ಲಿ ಲ್ಯಾಪ್‌ಟಾಪು ಇಟ್ಟುಕೊಂಡು ಪದ್ಮಾ ಸೌಂಡ್ಸಿಗೆ ಹೋದೆ. ಸಂತೆಯ ದಿನ, ಅಂಗಡಿಯ ತುಂಬ ಜನ.

‘ಇದನ್ನ ವಾಪಸ್ ತಗೊಂಡು ಎರಡು ತೂತಿನ ಡಬ್ಬಿ ಕೊಡಪ್ಪಾ,’ ಎಂದೆ.

‘ಮಾರಿದ್ದು ವಾಪಸ್ ತಗೊಳಲ್ಲಮ್ಮಾ. ಬೋರ್ಡ್ ಇದೆ ನೋಡಿ.’

‘ನಾನು ಕೇಳಿದ್ದಕ್ಕೆ ನೀನು ಹೂಂ ಅಂದೆ.’

‘ನೀವೇನ್ ಕೇಳಿದ್ರೋ ನಂಗೊತ್ತಿಲ್ಲ, ನಾನು ಮರ್ಯಾದೆಗೆ ಹೂಂ ಅಂದೆ,’ ಎಂದು ನನ್ನ ಮುಂದಿನ ಮಾತಿನ ಮೇಲೇ ಬೇರೆ ಗಿರಾಕಿಯನ್ನು ಕರೆದ. ನಾನು ಮಾತಾಡುತ್ತಲೇ ಇದ್ದೆ. ಅವನ ಧ್ವನಿಯಡಿಯಲ್ಲಿ ನನ್ನ ಬಾಯಿ ಮೀನಿನ ಬಾಯಿಯಂತೆ ಆಡುತ್ತಿತ್ತು. ಸಂತೆಯ ಹೆಂಗಸೊಬ್ಬಳು ನನ್ನನ್ನು ನೋಡಿ ಮುಸಿಮುಸಿ ನಕ್ಕಳು. ಆಗ ತಲೆ ಕೆಟ್ಟಿತು ನೋಡಿ. ಅಂಗಡಿಯ ಬಾಗಿಲಲ್ಲಿ ಅವನದೇ ಒಂದು ಆಳೆತ್ತರದ ಸ್ಪೀಕರ್ ನಿಂತಿತ್ತು. ಅದರ ತಂತಿ ಎಳೆದು ಮಿಕ್ಸರಿಗೆ ಚುಚ್ಚಿದೆ, ಲ್ಯಾಪ್‌ಟಾಪು ಹಚ್ಚಿದೆ, ನಮ್ಮ ಭಾನುವಾರದ ಹಾಡು ಹಾಕಿ ಎಲ್ಲ ಗುಂಡಿಗಳನ್ನೂ ಪೂರ್ತಿ ತಿರುಗಿಸಿದೆ. ‘ಯಾರು ಬಂದರು ಕಂದಗೆ’ ಎಂದು ಅಕ್ಕ ಎಕೋ ಸಮೇತ ಪೇಟೆಬೀದಿಯ ಮೇಲೆ ಎದ್ದಳು. ಅಷ್ಟೇ! ಸಂತೆಗೆ ಸಂತೆಯೇ ಮೂಕವಾಯಿತು. ಈರುಳ್ಳಿ ಮಾರುವವನ ಕೂಗು ಹೋಯಿತು, ಬಸ್ಸಿನ ಹಾರನ್ ಹೋಯಿತು, ಜಯಪಾಲ ಗಿರಾಕಿಗೆ ಹೇಳುತ್ತಿದ್ದ ರೇಟು ಹೋಯಿತು. ಅವನು ಕೈ ಬೀಸಿ ಬಾಯಿ ಬಾಯಿ ಬಿಟ್ಟ. ‘ಹೂಂ ಹೂಂ’ ಎಂದು ನಾನು ಮರ್ಯಾದೆಯಿಂದ ತಲೆಯಾಡಿಸಿದೆ. ಸ್ಪೀಕರಿನ ಮುಂದೆ ಸ್ಟೂಲ್ ಹಾಕಿಕೊಂಡು ಕೂತೇಬಿಟ್ಟೆ. ಹಾಡು ಮುಗಿದರೆ ಮತ್ತೆ ಮೊದಲಿನಿಂದ. ಗಿರಾಕಿಗಳು ಒಬ್ಬೊಬ್ಬರೇ ಎದ್ದು ಹೋದರು, ಅಕ್ಕಪಕ್ಕದ ಅಂಗಡಿಯವರು ಬಂದು ಜಯಪಾಲನ ಮುಂದೆ ಕೈ ಮುಗಿದರು. ಕೊನೆಗೆ ಅವನು ಗಾಜಿನ ಕಪಾಟು ತೆಗೆದು, ಎರಡು ತೂತಿನ ಡಬ್ಬಿಯನ್ನು ತಂದು ನನ್ನ ಮಡಿಲಲ್ಲಿ ಇಟ್ಟ. ನಾನು ಹಾಡು ನಿಲ್ಲಿಸಿದೆ.

‘ನಿಮ್ಮಂಥೋರ್ನ ನಾನು ನೋಡೇ ಇಲ್ಲ ತಾಯಿ,’ ಎಂದ.

‘ನೋಡಿದೀಯ. ಕೇಳಿಲ್ಲ ಅಷ್ಟೆ,’ ಎಂದು ಬಂದೆ.

ಮನೆಯಲ್ಲಿ ಇನ್ನೊಂದು ರಾಮಾಯಣ. ಮಿಕ್ಸರ್ ಕಾಣದೆ ಇವರು ಕಳ್ಳತನವಾಯಿತೆಂದು ಕೇರಿ ಸೇರಿಸಿದ್ದರು. ಡಬ್ಬಿ ತೋರಿಸಿದರೆ, ‘ಇಷ್ಟೇನಾ? ಗುಂಡಿ ಎರಡೇ ಇದೆಯಲ್ಲೇ?’ ಎಂದು ಮುಖ ಚಿಕ್ಕದು ಮಾಡಿಕೊಂಡರು. ‘ಆ ಎರಡನ್ನೂ ಮುಟ್ಟಂಗಿಲ್ಲ,’ ಎಂದೆ. ಅದು ಕೇಳಿಸಿತು. ಎರಡು ದಿನ ನನ್ನೊಡನೆ ಮಾತು ಬಿಟ್ಟರು, ಮನೆಯಲ್ಲಿ ಎಷ್ಟು ಹಾಯಾಗಿತ್ತೆಂದರೆ ಗೋಡೆ ಗಡಿಯಾರದ ಸದ್ದು ಕೇಳುತ್ತಿತ್ತು.

ಅಕ್ಕನನ್ನು ಒಪ್ಪಿಸುವುದೇ ಕಷ್ಟವಾಯಿತು. ಗಂಟಲು ಮುಟ್ಟಿ ತೋರಿಸಿ ತಲೆಯಲ್ಲಾಡಿಸಿದಳು. ‘ನೀನೇ ತಾನೆ ಕೇಳ್ಸು ಅಂದದ್ದು? ಈಗ ಹಿಂದೇಟು ಹಾಕಿದ್ರೆ ನಾನು ಬಿಡ್ತೀನಾ? ಸಂತೇಲಿ ಮಾನ ಕಳ್ಕೊಂಡು ಬಂದಿದೀನಿ ನಿನಗೋಸ್ಕರ,’ ಎಂದು ಗದರಿದೆ. ಗದರಿದ ಮೇಲೆ ಜೇನು ಬಿಸಿನೀರು ತಂದು ಕೊಟ್ಟೆ. ಅವಳು ಗುಟುಕು ಗುಟುಕಾಗಿ ಕುಡಿದು, ಲೋಟ ಕೆಳಗಿಟ್ಟು, ತಾನೇ ಹೋಗಿ ಕಿಂಡಿಯ ಮುಂದೆ ಕೂತಳು. ಅವತ್ತು ಭಾನುವಾರ. ಬೆಳಗಾದರೆ ಆಸ್ಪತ್ರೆ. ಇವರನ್ನು ಬೀದಿಯ ನಾಯಿ ಓಡಿಸಲು ಹೊರಗೆ ಕಳಿಸಿ ಬಾಗಿಲು ಹಾಕಿದೆ. ಡಬ್ಬಿಯ ಒಂದು ತೂತಿಗೆ ಅಕ್ಕನ ಮೈಕು, ಇನ್ನೊಂದಕ್ಕೆ ನನ್ನದು. ಲ್ಯಾಪ್‌ಟಾಪಿನ ಪರದೆಯ ಮೇಲೆ ಎರಡು ಗೆರೆಗಳು ಒಂದರ ಕೆಳಗೊಂದು ಬೇರೆಬೇರೆಯಾಗಿ ಓಡಲು ಶುರುವಾದವು. ಒಬ್ಬರ ಗೆರೆಗೆ ಇನ್ನೊಬ್ಬರು ತಾಗುತ್ತಿರಲಿಲ್ಲ. ನೋಡಿದ ಮೇಲೆ ಕೈ ತೂರಿಸಿದೆ.

ಅಕ್ಕ ಎಲ್ಲಿಯೂ ನಿಲ್ಲಿಸಲಿಲ್ಲ. ಏರುವ ಜಾಗದಲ್ಲಿ ಅವಳ ಉಗುರು ನನ್ನ ಮಣಿಕಟ್ಟಿಗೆ ನಾಟಿತು, ನೋವಿಗೆ ನಾನು ಕೂಗಬೇಕಿತ್ತು, ಕೂಗಿದರೆ ಹಾಡು ಕೆಡುತ್ತದೆಂದು ಹಲ್ಲು ಕಚ್ಚಿ ನನ್ನ ಎಳೆಯನ್ನು ಹಿಡಿದೆ. ಕೊನೆಯ ಸಾಲು ಮುಗಿದ ಮೇಲೂ ಅವಳು ಕೈ ಬಿಡಲಿಲ್ಲ. ನಾನೇ ಬಿಡಿಸಿಕೊಂಡು ಆಚೆ ಹೋದೆ. ಅವಳ ಮುಖವೆಲ್ಲ ಬೆವರು.

ಒಂದೇ ಸ್ಪೀಕರನ್ನು ನಡುಮನೆಯಲ್ಲಿಟ್ಟು ಅದರ ಮುಂದೆ ಇಬ್ಬರೂ ಚಾಪೆ ಹಾಕಿಕೊಂಡು ಕೂತೆವು. ಮೊದಲು ಅಕ್ಕನ ಗೆರೆಯನ್ನು ತಗ್ಗಿಸಿದೆ, ಆಮೇಲೆ ನನ್ನದನ್ನು ಏರಿಸಿದೆ, ಎರಡೂ ಸಮಸಮ ಬಂದವು ಅನ್ನಿಸಿದಾಗ ಮೊದಲಿಂದ ಹಾಕಿದೆ. ‘ಯಾರು ಬಂದರು’ ಎಂದು ಒಂದು ಏರಿತು. ‘ನಿದ್ದೆಯೇ ಬಾರೇ’ ಎಂದು ಒಂದು ಇಳಿಯಿತು. ಒಂದು ಉಸಿರು ತೆಗೆದುಕೊಳ್ಳುವ ಜಾಗದಲ್ಲಿ ಇನ್ನೊಂದು ತುಂಬಿಕೊಂಡಿತು. ಬಾಗಿಲಿಗೆ ಬಂದವರನ್ನು ಮೇಲಿನದು ಹೆಸರು ಹಿಡಿದು ಕರೆಯುತ್ತಿದ್ದರೆ ಕೆಳಗಿನದು ಮಗುವಿನ ಪಕ್ಕದಿಂದ ಏಳದೆ ಕೂತಿತ್ತು. ಯಾರೋ ಎಂದೋ ಇದನ್ನು ತಲೆಯೊಳಗೇ ಕೇಳಿಸಿಕೊಂಡು ಕಟ್ಟಿರಬೇಕು. ನನಗೆ ಕಣ್ಣು ತುಂಬಿತು, ನಾಚಿಕೆ ಏನು ಬಂತು ಅದಕ್ಕೆ. ಅಕ್ಕ ಅಲ್ಲಾಡದೆ ಕೂತಿದ್ದಳು. ಮುಗಿದ ಮೇಲೆ ಇನ್ನೊಮ್ಮೆ ಹಾಕು ಎಂದು ಕೈ ಮಾಡಿದಳು. ಹಾಕಿದೆ. ಅದೂ ಮುಗಿಯಿತು.

‘ಅಯ್ಯೋ ಚನ್ನಾಜಿ,’ ಎಂದಳು, ‘ನೀನು ನಿಜವಾಗ್ಲೂ ಹಾಡ್ತಿದ್ಯೇನೇ?’

‘ಅಂದ್ರೆ?’

‘ಬರೀ ಬಾಯಿ ಆಡಿಸ್ತೀಯ ಅಂದ್ಕೊಂಡಿದ್ದೆ ಕಣೇ. ಹೆಂಗೂ ಯಾರ್ಗೂ ಕೇಳಲ್ಲ, ಯಾಕೆ ಹಾಡ್ತಾಳೆ ಅಂತ.’

ನನ್ನ ಒಳಗೆ ಎಲ್ಲಿ ಏನು ಕಡಿದುಹೋಯಿತೋ ಗೊತ್ತಿಲ್ಲ. ಬಾಯಿ ಆಡಿಸುತ್ತಿದ್ದೆನಂತೆ! ಬಾಣಂತಿಯರ ಮನೆಮನೆ ತಿರುಗಿ, ನನ್ನ ಮಗುವಿಗೆ ಜ್ವರ ಬಂದ ದಿನವೂ ಹೋಗಿ, ತವರಿಗೆ ಹೋಗುವ ಬಸ್ಸು ಬಿಟ್ಟು ಹಾಡಿದ್ದೇನೆ. ನನಗೇ ಕೇಳದ ಹಾಡನ್ನು ಒಂದು ಸ್ವರ ತಪ್ಪದೆ ಹಾಡಿದ್ದೇನೆ. ಪಕ್ಕದಲ್ಲಿ ಕೂತು ನನ್ನ ಕೈ ಹಿಡಿದವಳಿಗೇ ಅದು ಗೊತ್ತಿಲ್ಲ! ‘ಅಲ್ವೇ ನಿನಗೆ…’ ಎಂದು ಶುರು ಮಾಡಿದೆ. ಅಷ್ಟರಲ್ಲಿ ಅಕ್ಕನಿಗೆ ತಡೆಯದೆ ನಗು ಬಂತು. ಇದ್ದಬದ್ದ ಗಂಟಲೆಲ್ಲ ಸೇರಿಸಿ ನಕ್ಕಳು, ಒಡೆದ ಗಂಟಲಾದರೂ ಗಿರಣಿಯ ಗಂಟಲೇ, ನನ್ನ ಮಾತೆಲ್ಲ ಅದರಡಿಯಲ್ಲಿ ಹೋಯಿತು. ನಾನು ಬಯ್ಯುತ್ತಲೇ ಇದ್ದೆ, ಅವಳು ನಗುತ್ತಲೇ ಇದ್ದಳು. ನನ್ನ ತುಟಿಗಳು ಅಲ್ಲಾಡುವುದನ್ನು ಅವಳು ನೋಡಿದಳು. ನೋಡುತ್ತಾ ನೋಡುತ್ತಾ ಅವಳ ನಗು ನಿಂತಿತು. ಅಂಗೈಯನ್ನು ತನ್ನ ಬಾಯಿಗೆ ಅಡ್ಡ ಹಿಡಿದುಕೊಂಡಳು. ಇನ್ನೊಂದು ಕೈಯಲ್ಲಿ, ಬೈ, ಎಂದು ಸನ್ನೆ ಮಾಡಿದಳು.

ಬೈದೆ. ಬಿಡುತ್ತೇನೆಯೇ? ಮದುವೆಯಾದ ವರ್ಷದಿಂದ ಶುರು ಮಾಡಿದೆ. ನನ್ನ ಮೊದಲ ಬಯಕೆಗೆ ಮಾವಿನಕಾಯಿ ಕೇಳಿದ್ದು ಅವಳ ಕೂಗಿನಲ್ಲಿ ಕೇಳದೆ ಹೋದದ್ದು, ಅತ್ತೆ ಸಾಯುವಾಗ ಕರೆದದ್ದು ನನ್ನನ್ನು, ನಾನು ‘ಬಂದೆ’ ಅಂದರೂ ಓಗೊಟ್ಟಂತೆ ಆದದ್ದು ಅವಳು, ತಾಂಬೂಲ, ಹೆಸರು, ಕಾಫಿ, ಎಲ್ಲ. ಹೇಳುತ್ತಾ ಹೋದ ಹಾಗೆ ಒಂದೊಂದು ಮಾತೂ ನನ್ನ ಕಿವಿಗೇ ಕೇಳುತ್ತಿತ್ತು, ಅದು ಕೇಳಿ ಇನ್ನಷ್ಟು ಸಿಟ್ಟು ಬಂತು, ಇನ್ನಷ್ಟು ಹೇಳಿದೆ. ಅಕ್ಕ ಅಂಗೈ ತೆಗೆಯಲಿಲ್ಲ. ಕಣ್ಣು ಮಾತ್ರ ನನ್ನ ಮುಖದ ಮೇಲಿತ್ತು. ಎಲ್ಲೋ ನಡುವೆ ನನಗೆ ಥಟ್ಟನೆ ಹೊಳೆಯಿತು. ನಾಳೆಯಿಂದ ಇವಳು ಮಾತಾಡುವುದಿಲ್ಲ. ಇವಳಿಗೆ ಉಳಿದಿರುವ ಬಾಯಿ ಇದೊಂದು ಸಂಜೆಯದು, ಅದನ್ನು ನನ್ನ ಬೈಗುಳಕ್ಕೆ ಬಿಟ್ಟುಕೊಟ್ಟು ಕೂತಿದ್ದಾಳೆ.

‘ಸಾಕು, ನೀನು ಮಾತಾಡಕ್ಕಾ,’ ಎಂದೆ. ಅಳು ಬಂದು ಮಾತು ಒಡೆಯಿತು. ‘ಏನಾದ್ರೂ ಮಾತಾಡೇ, ನಿಂಗೆ ಕೈ ಮುಗಿತೀನಿ. ನಾಳೆ ಬೆಳಗಾದ್ರೆ ಎಲ್ಲಿ ತರ್ತೀಯ?’

ಅಕ್ಕ ಬಾಯಿಯ ಮೇಲಿನ ಕೈ ತೆಗೆದಳು.

‘ಮೊದ್ಲು ನೀನು ಮುಗ್ಸು,’ ಎಂದಳು.

ನನಗೆ ಆ ಮಾತನ್ನು ನಮ್ಮೂರಿನಲ್ಲಿ ಯಾರೂ ಹೇಳಿರಲಿಲ್ಲ. ಕಣ್ಣೊರೆಸಿಕೊಂಡು, ಎಲ್ಲಿಗೆ ನಿಲ್ಲಿಸಿದ್ದೆ ಎಂದು ನೆನಪು ಮಾಡಿಕೊಂಡು, ಅಲ್ಲಿಂದಲೇ ಮುಂದುವರಿಸಿದೆ.